ಡೈನಮೊದ ನೆನಪು, ಆಲ್ಟರ್ನೇಟರಿನ ಮರೆವು

ಹೋದ ವರ್ಷ ಭತ್ತದ ಸುಗ್ಗಿಯಲ್ಲಿ ಒಂದು ರಾತ್ರಿ, ಭದ್ರಾ ನಾಲೆಯ ಏರಿ ಇಳಿದು ಡಾಂಬರು ರಸ್ತೆಗೆ ಬರುವ ಹೊತ್ತಿಗೆ ನಮ್ಮ ಟ್ರ್ಯಾಕ್ಟರಿನ ದೀಪ ಮೊದಲು ಹಳದಿಯಾಯಿತು, ಆಮೇಲೆ ಕೆಂಡದಂತೆ ಕೆಂಪಾಯಿತು, ಕೊನೆಗೆ ಆರಿತು. ಎಂಜಿನ್ ಮಾತ್ರ ಏನೂ ಆಗದಂತೆ ಓಡುತ್ತಲೇ ಇತ್ತು. ಡೀಸೆಲ್ ಎಂಜಿನ್ನಿಗೆ ಒಮ್ಮೆ ಹೊತ್ತಿಕೊಂಡರೆ ಕರೆಂಟಿನ ಹಂಗಿಲ್ಲ. ಹಿಂದೆ ಟ್ರೇಲರಿನಲ್ಲಿ ನಲವತ್ತು ಚೀಲ ಭತ್ತ. ಅಪ್ಪ ಸ್ಟಿಯರಿಂಗ್ ಹಿಡಿದಿದ್ದರು, ನಾನು ಮಡ್‌ಗಾರ್ಡಿನ ಮೇಲೆ ಕೂತು ಮೊಬೈಲಿನ ಬೆಳಕನ್ನು ರಸ್ತೆಗೆ ಬಿಡುತ್ತಿದ್ದೆ. ಹಿಂದಿನ ಕೆಂಪು ದೀಪವೂ ಆರಿದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹಿಂದಿನಿಂದ ಬಂದ ಲಾರಿಯೊಂದು ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಾಕಿ, ಟ್ರೇಲರಿನ ಪಕ್ಕದ ಹಲಗೆಗೆ ಕೈಯಳತೆಯಷ್ಟು ದೂರದಲ್ಲಿ ಹಾದುಹೋಯಿತು. ಅದರ ಡ್ರೈವರು ಬೈದದ್ದು ಈಗಲೂ ಕಿವಿಯಲ್ಲಿದೆ. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮನೆಗೆ ಬರುವವರೆಗೂ ಅಪ್ಪ ಮಾತಾಡಲಿಲ್ಲ. ಬೆಳಿಗ್ಗೆ ಚಿಕ್ಕಪ್ಪ ಬಂದವರು ವಿಷಯ ಕೇಳಿ, "ಇನ್ನ ಸಾಕು ಅಣ್ಣಾ, ಗುಜರಿಗೆ ಹಾಕಿಬಿಡು. ಜೀವ ಹೋದಮೇಲೆ ಕಬ್ಬಿಣ ಇಟ್ಕಂಡು ಏನ್ ಮಾಡ್ತಿ?" ಎಂದರು. ಅಪ್ಪ ನನ್ನ ಕಡೆ ನೋಡಿದರು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಮಗನಿಂದ ಇಂಥದ್ದಕ್ಕೆ ಏನು ಉತ್ತರ ಬರಬೇಕು? "ಹದಿನೈದು ದಿನ ಟೈಮ್ ಕೊಡ್ರಿ. ಸರಿ ಆಗ್ಲಿಲ್ಲ ಅಂದ್ರ ನಾನೇ ಗುಜರಿಯವರನ್ನ ಕರೀತೀನಿ" ಎಂದುಬಿಟ್ಟೆ.

ಆ ಹದಿನೈದು ದಿನಗಳಲ್ಲಿ ನಾನು ವಿದ್ಯುತ್ತಿನ ಇತಿಹಾಸವನ್ನು ಓದಿದ್ದು ಪುಸ್ತಕದಲ್ಲಿ ಅರ್ಧ, ಟ್ರ್ಯಾಕ್ಟರಿನ ಬಾನೆಟ್ಟಿನ ಕೆಳಗೆ ಇನ್ನರ್ಧ. ಈ ಬರಹ ಅದರ ಫಲ.

ನಮ್ಮದು ಮ್ಯಾಸಿ ಫರ್ಗ್ಯುಸನ್ 35. ಅಜ್ಜ 1960ರ ದಶಕದಲ್ಲಿ ಕೊಂಡದ್ದು. ಇದರ ವಂಶ ಹುಡುಕಿಕೊಂಡು ಹೋದರೆ ಇಂಗ್ಲೆಂಡಿನ ಕವೆಂಟ್ರಿಗೆ ತಲುಪುತ್ತೇವೆ. ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬಾತ ಮೂರು ಕೊಂಡಿಯ ಹೈಡ್ರಾಲಿಕ್ ಜೋಡಣೆ ರೂಪಿಸಿ, ನೇಗಿಲನ್ನು ಟ್ರ್ಯಾಕ್ಟರಿನ ಬಾಲಕ್ಕೆ ಕಟ್ಟಿ ಎಳೆಯುವ ಬದಲು ಅದರ ಮೈಯ ಅಂಗವನ್ನೇ ಮಾಡಿದ. ಅವನ ಟಿಇ20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರು 1946ರಿಂದ 1956ರ ನಡುವೆ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅದರ ನಂತರದ ತಲೆಮಾರೇ 35. ಅಷ್ಟರಲ್ಲಿ ಫರ್ಗ್ಯುಸನ್ ಕಂಪನಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ 1953ರಲ್ಲಿ ಒಂದಾಗಿತ್ತು. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿದ್ದು ಈ ಟ್ರ್ಯಾಕ್ಟರುಗಳನ್ನು ನಮ್ಮಲ್ಲಿಗೆ ತರುವುದಕ್ಕೆ. ಅದೇ ಊರಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನುಗಳನ್ನು ತಯಾರಿಸುತ್ತಿತ್ತು. ಫರೀದಾಬಾದಿನಲ್ಲಿ ಐಷರ್ 1959ರಲ್ಲಿ, ಮುಂಬಯಿಯಲ್ಲಿ ಮಹೀಂದ್ರ 1963ರಲ್ಲಿ ಇದೇ ಹಾದಿ ಹಿಡಿದವು. ಕಾಲುವೆಯ ನೀರು ಬಂದ ಊರುಗಳಲ್ಲಿ ಎತ್ತಿನ ಗಂಟೆಯ ಸದ್ದಿನ ಜೊತೆ ಎಂಜಿನ್ನಿನ ಸದ್ದೂ ಸೇರಿಕೊಂಡ ಕಾಲ ಅದು.

ಆ ಕಾಲದ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಗೆ ಕರೆಂಟು ತುಂಬುತ್ತಿದ್ದದ್ದು ಡೈನಮೊ. ಉದ್ದನೆಯ ಉರುಳೆಯಂಥ ಡಬ್ಬಿ, ಒಂದು ತುದಿಗೆ ಪುಲ್ಲಿ, ಇನ್ನೊಂದು ತುದಿಗೆ ಎರಡು ತಂತಿ. ದಪ್ಪನೆಯದು ಡಿ, ಸಣ್ಣದು ಎಫ್. ನಮ್ಮ ಡೈನಮೊ ಐವತ್ತು ವರ್ಷಕ್ಕೂ ಮಿಕ್ಕಿ ದುಡಿಯಿತು. ನಡುವೆ ಎಷ್ಟು ಸಲ ಅದರ ಕಾರ್ಬನ್ ಬದಲಾಯಿತೋ, ಬುಷ್ ಬದಲಾಯಿತೋ ಲೆಕ್ಕವಿಲ್ಲ. ಆರ್ಮೇಚರ್ ಸುಟ್ಟಾಗಲೆಲ್ಲ ದಾವಣಗೆರೆಯ ಒಬ್ಬ ಮೇಸ್ತ್ರಿ ಕೈಯಲ್ಲೇ ತಂತಿ ಸುತ್ತಿ ಕೊಡುತ್ತಿದ್ದರು. ಕೊನೆಯ ಸಲ ಹೋದಾಗ ಅವರ ಕಣ್ಣಿಗೆ ಪೊರೆ ಬಂದಿತ್ತು. "ಸುತ್ತೋದು ನನ್ ಕೈಲಿ ಆಗಲ್ಲ ಗೌಡ್ರ. ಕಲಿಯೋಕೆ ಯಾರೂ ಬರ್ಲಿಲ್ಲ. ಆಲ್ಟರ್ನೇಟರ್ ಹಾಕಿಸ್ಬಿಡ್ರಿ" ಎಂದಿದ್ದರಂತೆ. ಹಾಗಾಗಿ ಬೇರೊಂದು ಅಂಗಡಿಯ ಹುಡುಗನಿಂದ ಅಪ್ಪ ಹಳೆಯ ಕಾರಿನದೊಂದು ಆಲ್ಟರ್ನೇಟರ್ ಹಾಕಿಸಿದ್ದರು. ತೊಂದರೆ ಶುರುವಾದದ್ದು ಅಲ್ಲಿಂದ. ಒಂದು ದಿನ ಬ್ಯಾಟರಿ ತುಂಬುತ್ತಿತ್ತು, ಇನ್ನೊಂದು ದಿನ ತುಂಬುತ್ತಿರಲಿಲ್ಲ. ಉಳುಮೆಯ ದಿನ ಸರಿ, ಟ್ರೇಲರ್ ಕೆಲಸದ ದಿನ ಕೈಕೊಡುತ್ತಿತ್ತು.

ಡೈನಮೊ ಹಳೆಯದು, ಆಲ್ಟರ್ನೇಟರ್ ಹೊಸದು ಎಂದು ನಾನೂ ಎಲ್ಲರಂತೆ ತಿಳಿದಿದ್ದೆ. ಇತಿಹಾಸದಲ್ಲಿ ಅದು ತಿರುಗುಮುರುಗು. ಮೈಕೆಲ್ ಫ್ಯಾರಡೆ 1831ರಲ್ಲಿ ಅಯಸ್ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ತೋರಿಸಿದ. ಮರುವರ್ಷವೇ ಪ್ಯಾರಿಸ್ಸಿನ ಇಪೊಲಿಟ್ ಪಿಕ್ಸಿ ಎಂಬ ಉಪಕರಣ ತಯಾರಕ ಕೈಯಿಂದ ತಿರುಗಿಸುವ ಯಂತ್ರವೊಂದನ್ನು ಮಾಡಿದ. ಅಯಸ್ಕಾಂತದ ಒಂದು ಧ್ರುವ ಸುರುಳಿಯ ಮುಂದೆ ಹಾದಾಗ ಕರೆಂಟು ಒಂದು ಕಡೆಗೆ, ಇನ್ನೊಂದು ಧ್ರುವ ಹಾದಾಗ ಎದುರು ಕಡೆಗೆ ಹರಿಯುತ್ತಿತ್ತು. ಅಂದರೆ ಅವನ ಕೈಯಲ್ಲಿ ಮೊದಲು ಹುಟ್ಟಿದ್ದು ಆಲ್ಟರ್ನೇಟರೇ. ಆದರೆ ಆ ಕಾಲಕ್ಕೆ ವಿದ್ಯುತ್ತೆಂದರೆ ಬ್ಯಾಟರಿಯಿಂದ ಬರುವ, ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಹಿಂದೆ ಮುಂದೆ ತುಯ್ಯುವ ಕರೆಂಟನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಆಂಪಿಯರನ ಸಲಹೆಯ ಮೇಲೆ ಪಿಕ್ಸಿ ತನ್ನ ಯಂತ್ರಕ್ಕೆ ದಿಕ್ಕು ಬದಲಿಸುವ ಸಾಧನವೊಂದನ್ನು ಸೇರಿಸಿದ. ಡೈನಮೊದ ಕಾಮ್ಯುಟೇಟರ್ ಅದೇ ಮನೆತನದ್ದು. ನಮ್ಮ ಮೇಸ್ತ್ರಿ ಮರಳು ಕಾಗದದಲ್ಲಿ ಉಜ್ಜುತ್ತಿದ್ದ ಆ ತಾಮ್ರದ ಪಟ್ಟಿಗಳ ಉಂಗುರ ಹುಟ್ಟಿದ್ದು ಆಲ್ಟರ್ನೇಟರನ್ನು ತಿದ್ದುವುದಕ್ಕೆ!

ಹಾಗೆಂದು ಆಲ್ಟರ್ನೇಟರ್ ಮೂಲೆಗುಂಪಾಗಲಿಲ್ಲ. ಅದು ಬೇರೆ ಕಡೆ ಬೆಳೆಯಿತು. ನಮ್ಮ ನೆಲದ ಉದಾಹರಣೆಯೇ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ತಿರುಗಿಸಿದ ದೊಡ್ಡ ಆಲ್ಟರ್ನೇಟರುಗಳು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದವು. ಅಷ್ಟು ದೂರದ ತಂತಿಮಾರ್ಗ ಆಗ ಜಗತ್ತಿನಲ್ಲೇ ದೊಡ್ಡ ಸಾಹಸ. ಪರ್ಯಾಯ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರಿನಿಂದ ಹೆಚ್ಚಿನ ವೋಲ್ಟಿಗೆ ಏರಿಸಿ, ತೆಳ್ಳಗಿನ ತಂತಿಯಲ್ಲಿ ದೂರ ಸಾಗಿಸಿ, ಮತ್ತೆ ಇಳಿಸಬಹುದು ಎಂಬುದೇ ಅದಕ್ಕೆ ಕಾರಣ. 1905ರಲ್ಲಿ ಬೆಂಗಳೂರಿನ ಬೀದಿಗೂ ಆ ಬೆಳಕು ಬಂತು.

ಹಾಗಿದ್ದರೆ 1902ರಲ್ಲಿ ಕಾವೇರಿಯ ದಂಡೆಯಲ್ಲಿ ಕೂತಿದ್ದ ಆಲ್ಟರ್ನೇಟರ್, ಟ್ರ್ಯಾಕ್ಟರಿನ ಬಾನೆಟ್ಟಿನೊಳಗೆ ಬರಲು ಅರವತ್ತು, ಎಪ್ಪತ್ತು ವರ್ಷ ಯಾಕೆ ತೆಗೆದುಕೊಂಡಿತು? ಗಣಿಯ ಮೋಟರಿಗೆ ಕರೆಂಟು ಯಾವ ದಿಕ್ಕಿಗೆ ಹರಿದರೂ ಒಗ್ಗಿಸಿಕೊಳ್ಳಬಹುದು. ಬ್ಯಾಟರಿಗೆ ಹಾಗಾಗದು. ಅದಕ್ಕೆ ಒಂದೇ ದಿಕ್ಕಿನಲ್ಲಿ ತುಂಬಬೇಕು. ದಿಕ್ಕು ಬದಲಾದರೆ ತುಂಬಿದ್ದಷ್ಟೂ ಖಾಲಿ. ಬ್ಯಾಟರಿಯನ್ನು ಬಿಡೋಣವೆಂದರೆ 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಕೂಡಿಸಿದ ಮೇಲೆ ಬ್ಯಾಟರಿಯಿಲ್ಲದ ವಾಹನವನ್ನು ಜನ ಒಪ್ಪದಾದರು. ಹ್ಯಾಂಡಲ್ ತಿರುಗಿಸಿ ಮಣಿಕಟ್ಟು ಮುರಿದುಕೊಂಡವರಿಗೆ ಅದರ ಬೆಲೆ ಗೊತ್ತು. ಹೀಗೆ ಬ್ಯಾಟರಿಯ ಸಲುವಾಗಿ ಡೈನಮೊ ಉಳಿಯಿತು.

ಡೈನಮೊದ ಹೊಟ್ಟೆಯಲ್ಲಿರುವ ಇನ್ನೊಂದು ಗುಟ್ಟು ನನಗೆ ಮುಂದೆ ದಾರಿ ತೋರಿಸಿತು. ಅದರೊಳಗೆ ಇರುವುದು ಕಾಯಂ ಅಯಸ್ಕಾಂತವಲ್ಲ, ಕಬ್ಬಿಣದ ತುಂಡಿಗೆ ಸುತ್ತಿದ ತಂತಿ. ಆ ತಂತಿಗೆ ಕರೆಂಟು ಹರಿದರೆ ಮಾತ್ರ ಕಬ್ಬಿಣ ಅಯಸ್ಕಾಂತವಾಗುತ್ತದೆ. ಆ ಕರೆಂಟು ಬರಬೇಕಾದ್ದು ಡೈನಮೊದಿಂದಲೇ. ಮೊಟ್ಟೆ ಮೊದಲೋ ಕೋಳಿ ಮೊದಲೋ ಎಂಬ ಪೇಚು ಇದು. ಇದಕ್ಕೆ ಉತ್ತರ 1866-67ರ ಸುಮಾರಿಗೆ ಹಲವರಿಗೆ ಒಟ್ಟಿಗೇ ಹೊಳೆಯಿತು. ಜರ್ಮನಿಯ ವರ್ನರ್ ಸೀಮೆನ್ಸ್ 1867ರ ಜನವರಿಯಲ್ಲಿ ಬರ್ಲಿನ್ನಿನ ಅಕಾಡೆಮಿಯ ಮುಂದೆ ಅದನ್ನು ಮಂಡಿಸಿದ, ಇಂಗ್ಲೆಂಡಿನಲ್ಲಿ ವೀಟ್‌ಸ್ಟೋನ್ ಮತ್ತು ವಾರ್ಲಿ ಅದೇ ದಿನಗಳಲ್ಲಿ ಅದೇ ಮಾತು ಹೇಳಿದರು. ಒಮ್ಮೆ ಅಯಸ್ಕಾಂತವಾಗಿದ್ದ ಕಬ್ಬಿಣ, ಕರೆಂಟು ನಿಂತಮೇಲೂ ಒಂದಿಷ್ಟು ಕಾಂತತ್ವ ಉಳಿಸಿಕೊಂಡಿರುತ್ತದೆ. ಡೈನಮೊ ತಿರುಗಿದಾಗ ಆ ಅಳಿದುಳಿದ ಕಾಂತತ್ವ ಒಂದೆರಡು ವೋಲ್ಟು ಹುಟ್ಟಿಸುತ್ತದೆ. ಆ ಚೂರು ಕರೆಂಟು ಸುರುಳಿಗೆ ಹೋಗಿ ಕಾಂತತ್ವ ಹೆಚ್ಚಿಸುತ್ತದೆ, ಅದರಿಂದ ಕರೆಂಟು ಹೆಚ್ಚುತ್ತದೆ. ಹೆಪ್ಪಿಗೆ ಉಳಿಸಿದ ಒಂದು ಚಮಚ ಮೊಸರು ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡಿದ ಹಾಗೆ.

ಚಿಕ್ಕವನಾಗಿದ್ದಾಗ ನಾನು ನೋಡಿದ್ದೊಂದು ದೃಶ್ಯ ಆಗ ಅರ್ಥವಾಯಿತು. ಡೈನಮೊ ಬಿಚ್ಚಿ ರಿಪೇರಿ ಮಾಡಿ ಮತ್ತೆ ಕೂಡಿಸಿದ ಮೇಲೆ ಮೇಸ್ತ್ರಿ ಬ್ಯಾಟರಿಯಿಂದ ಒಂದು ತಂತಿ ತಂದು ಎಫ್ ಬೋಲ್ಟಿಗೆ ಚಟ್ ಚಟ್ ಎಂದು ಎರಡು ಸಲ ತಾಗಿಸುತ್ತಿದ್ದರು. ಕಿಡಿ ಹಾರುತ್ತಿತ್ತು. "ಇದಕ್ಕ ನೆನಪು ಮಾಡಿಕೊಡ್ಬೇಕಪಾ" ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಮರೆತುಹೋದ ಕಾಂತತ್ವವನ್ನು ಕಬ್ಬಿಣಕ್ಕೆ ಮರಳಿಸುತ್ತಿದ್ದರು ಅವರು. ಬರ್ಲಿನ್ನಿನ ಅಕಾಡೆಮಿಯಲ್ಲಿ ಓದಿದ ಪ್ರಬಂಧದ ಸಾರವೂ ಅದೇ.

ಡೈನಮೊದ ಜೊತೆಗೆ ಬರುತ್ತಿದ್ದದ್ದು ಕಟೌಟ್ ಡಬ್ಬಿ. ಅದರೊಳಗೆ ಎರಡು ರಿಲೇ. ಒಂದು, ಡೈನಮೊದ ವೋಲ್ಟು ಬ್ಯಾಟರಿಗಿಂತ ಹೆಚ್ಚಾದಾಗ ಮಾತ್ರ ಬಾಗಿಲು ತೆರೆಯುವುದು. ಇಲ್ಲದಿದ್ದರೆ ಬ್ಯಾಟರಿಯೇ ಡೈನಮೊವನ್ನು ಮೋಟರಿನಂತೆ ತಿರುಗಿಸಲು ಹೋಗಿ ಸುಡುತ್ತದೆ. ಇನ್ನೊಂದು, ವೋಲ್ಟು ಮಿತಿ ಮೀರದಂತೆ ಕಾಯುವುದು. ಇಷ್ಟೆಲ್ಲ ಮಾಡಿಯೂ ಅಂಥ ಡೈನಮೊ ಕೊಡುತ್ತಿದ್ದದ್ದು ಸುಮಾರು 20 ಆಂಪಿಯರ್, ಅದೂ ಎಂಜಿನ್ ಜೋರಾಗಿ ಓಡಿದಾಗ. ನಿಂತ ಜಾಗದಲ್ಲಿ ಗುರುಗುಟ್ಟುವಾಗ ಏನೂ ಇಲ್ಲ. ದುಡಿದ ಕರೆಂಟೆಲ್ಲ ತಿರುಗುವ ಆರ್ಮೇಚರಿನಲ್ಲೇ ಹುಟ್ಟಿ, ಕಾಮ್ಯುಟೇಟರಿನ ಮೇಲೆ ಉಜ್ಜುವ ಕಾರ್ಬನ್ನಿನ ಮೂಲಕವೇ ಹೊರಬರಬೇಕು. ಹೆಚ್ಚು ವೇಗ ತಿರುಗಿಸಿದರೆ ತಂತಿ ಸಿಡಿದು ಹೊರಗೆ ಬರುತ್ತದೆ.

ಆಲ್ಟರ್ನೇಟರಿನಲ್ಲಿ ಕರೆಂಟು ಹುಟ್ಟುವ ಸುರುಳಿ ಸುತ್ತ ನಿಂತೇ ಇರುತ್ತದೆ, ನಡುವೆ ತಿರುಗುವುದು ಅಯಸ್ಕಾಂತವಾಗುವ ರೋಟರ್ ಮಾತ್ರ. ಕಾರ್ಬನ್ನಿನ ಮೂಲಕ ಹೋಗುವುದು ಅದನ್ನು ಅಯಸ್ಕಾಂತ ಮಾಡುವ ಮೂರು ನಾಲ್ಕು ಆಂಪಿಯರ್. ಹಾಗಾಗಿ ವೇಗವಾಗಿ ತಿರುಗಿಸಬಹುದು, ನಿಧಾನಗತಿಯಲ್ಲೂ ಕರೆಂಟು ಪಡೆಯಬಹುದು. ತೊಡಕು ಒಂದೇ, ಹೊರಬರುವ ಕರೆಂಟಿನ ದಿಕ್ಕನ್ನು ಒಂದಾಗಿಸುವವರು ಯಾರು? ಕರೆಂಟನ್ನು ಒಂದು ದಿಕ್ಕಿಗೆ ಬಿಟ್ಟು ಇನ್ನೊಂದು ದಿಕ್ಕಿಗೆ ತಡೆಯುವ ಗುಣ ಕೆಲವು ಹರಳುಗಳಿಗಿದೆ ಎಂದು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲೇ ಕಂಡಿದ್ದ. ನಮ್ಮ ಜಗದೀಶಚಂದ್ರ ಬೋಸರು ಸೀಸದ ಅದಿರಾದ ಗೆಲೀನದ ಹರಳಿನಿಂದ ವಿದ್ಯುತ್ ಅಲೆಗಳನ್ನು ಗುರುತಿಸುವ ಸಾಧನ ಮಾಡಿ, 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅರೆವಾಹಕ ಸಾಧನವೊಂದಕ್ಕೆ ಸಿಕ್ಕ ಮೊದಮೊದಲ ಪೇಟೆಂಟುಗಳಲ್ಲಿ ಅದೂ ಒಂದು. ಆದರೆ ಇವು ರೇಡಿಯೊ ಅಲೆಯಂಥ ಸೂಕ್ಷ್ಮ ಕರೆಂಟಿಗೆ ಸಾಕು, ಬ್ಯಾಟರಿ ತುಂಬುವ ಹತ್ತಾರು ಆಂಪಿಯರಿಗೆ ಸಾಲವು. ಬೆಲ್ ಪ್ರಯೋಗಾಲಯದ ರಸೆಲ್ ಓಲ್ 1940ರ ಸುಮಾರಿಗೆ ಸಿಲಿಕಾನ್ ತುಂಡೊಂದರಲ್ಲಿ ಎರಡು ಬಗೆಯ ಪದರ ಕೂಡುವ ಗಡಿಯನ್ನು ಕಂಡುಕೊಂಡ. ಅಲ್ಲಿಂದ ಇಪ್ಪತ್ತು ವರ್ಷದಲ್ಲಿ ಬೆರಳತುದಿಯಷ್ಟು ದೊಡ್ಡ, ದೊಡ್ಡ ಕರೆಂಟನ್ನು ತಾಳುವ ಸಿಲಿಕಾನ್ ಡಯೋಡ್ ಬಂತು. ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿತು. ಆರು ಡಯೋಡುಗಳು ಕಾಮ್ಯುಟೇಟರಿನ ಕೆಲಸವನ್ನೂ ಕಟೌಟಿನ ಕೆಲಸವನ್ನೂ ಒಟ್ಟಿಗೇ ಮಾಡಿದವು. ಮದ್ರಾಸಿನಲ್ಲಿ 1961ರಲ್ಲಿ ಲ್ಯೂಕಾಸ್ ಟಿವಿಎಸ್ ಶುರುವಾಗಿತ್ತು. ಮುಂದಿನ ದಶಕಗಳಲ್ಲಿ ಆಲ್ಟರ್ನೇಟರ್ ನಮ್ಮ ರಸ್ತೆಗೂ ಹೊಲಕ್ಕೂ ಇಳಿಯಿತು. ಅಜ್ಜನ ಟ್ರ್ಯಾಕ್ಟರು ಈ ಬದಲಾವಣೆಯ ಹೊಸ್ತಿಲಲ್ಲಿ, ಆಚೆ ದಡದಲ್ಲಿ ಉಳಿದದ್ದು.

ಇಷ್ಟು ಓದಿಕೊಂಡು ನಾನು ಸ್ಪ್ಯಾನರ್ ಹಿಡಿದೆ. ಮಲ್ಟಿಮೀಟರ್ ಒಂದನ್ನು ಕೊಂಡೆ.

ಮೊದಲು ನೋಡಿದ್ದು ಬ್ಯಾಟರಿಯ ದಿಕ್ಕು. ಆ ಕಾಲದ ಬ್ರಿಟಿಷ್ ವಾಹನಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಬಾಡಿಗೆ ಕಟ್ಟುವುದು ವಾಡಿಕೆ. ಈಗಿನ ಎಲ್ಲದರಲ್ಲಿ ಮೈನಸ್. ಹಳೆಯ ದಿಕ್ಕಿನಲ್ಲೇ ಆಲ್ಟರ್ನೇಟರ್ ಕೊಟ್ಟರೆ ಡಯೋಡುಗಳು ಬ್ಯಾಟರಿಗೆ ನೇರ ದಾರಿಯಾಗಿ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಅಂಗಡಿಯ ಹುಡುಗ ಇದನ್ನು ಸರಿಯಾಗಿಯೇ ಬದಲಿಸಿದ್ದ. ಆಂಪಿಯರ್ ಮೀಟರಿನ ತಂತಿ ಅದಲುಬದಲು ಮಾಡುವುದನ್ನು ಮಾತ್ರ ಮರೆತಿದ್ದರಿಂದ ಮುಳ್ಳು ತುಂಬುವಾಗ ಎಡಕ್ಕೆ, ಖಾಲಿಯಾಗುವಾಗ ಬಲಕ್ಕೆ ಓಡುತ್ತಿತ್ತು. ನಾವು ತಿಂಗಳುಗಟ್ಟಲೆ ಅದನ್ನು ತಪ್ಪಾಗಿ ಓದಿದ್ದೆವು. ಸ್ಟಾರ್ಟರ್ ಮೋಟರಿಗೆ ಈ ಬದಲಾವಣೆಯ ಪರಿವೆ ಇರಲಿಲ್ಲ. ಅದರ ಒಳಗಿನ ಎರಡೂ ಸುರುಳಿಗಳಲ್ಲಿ ದಿಕ್ಕು ಒಟ್ಟಿಗೇ ಬದಲಾಗುವುದರಿಂದ ಅದು ಮೊದಲಿನ ಕಡೆಗೇ ತಿರುಗುತ್ತದೆ.

ಎರಡನೆಯದು ಅರ್ತ್. ಆಲ್ಟರ್ನೇಟರಿನ ಕರೆಂಟು ಮರಳಿ ಹೋಗುವುದು ಅದರ ಮೈಯ ಮೂಲಕ. ಕೂಡಿಸಿದ ಬ್ರಾಕೆಟ್ಟಿಗೆ ದಪ್ಪನೆಯ ಬಣ್ಣ ಬಳಿದಿದ್ದರು. ಬಣ್ಣ ಕೆರೆದು, ಆಲ್ಟರ್ನೇಟರಿನ ಮೈಯಿಂದ ಎಂಜಿನ್ನಿಗೆ ಬೇರೆ ತಂತಿಯನ್ನೇ ಎಳೆದೆ. ಮೂರನೆಯದು ದಪ್ಪ ತಂತಿ. 20 ಆಂಪಿಯರಿನ ಡೈನಮೊಕ್ಕೆ ಹಾಕಿದ್ದ ಹಳೇ ವೈರಿನಲ್ಲೇ 35 ಆಂಪಿಯರಿನ ಆಲ್ಟರ್ನೇಟರಿನ ಕರೆಂಟು ಹರಿಯುತ್ತಿತ್ತು. ಎಂಜಿನ್ ಜೋರು ಮಾಡಿ, ಹೆಡ್‌ಲೈಟ್ ಹಾಕಿ ಅಳೆದರೆ ಆಲ್ಟರ್ನೇಟರಿನ ಬೋಲ್ಟಿನಲ್ಲಿ 14.2 ವೋಲ್ಟು, ಬ್ಯಾಟರಿಯ ತಲೆಯಲ್ಲಿ 13.1. ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತಿತ್ತು. ಹೊಸ ದಪ್ಪ ವೈರು ಹಾಕಿದ ಮೇಲೆ ವ್ಯತ್ಯಾಸ 0.2ಕ್ಕೆ ಇಳಿಯಿತು. ಗೆದ್ದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ ಅಳೆದರೆ ಬ್ಯಾಟರಿಯಲ್ಲಿ 12.4 ವೋಲ್ಟು. ಏರುತ್ತಲೇ ಇಲ್ಲ. ಅಪ್ಪ ಆಕ್ಸಿಲರೇಟರನ್ನು ಪೂರ್ತಿ ಎಳೆದಾಗ ಒಮ್ಮೆಲೇ 14ಕ್ಕೆ ಜಿಗಿಯಿತು. ಆಮೇಲೆ ಎಂಜಿನ್ ನಿಧಾನ ಮಾಡಿದರೂ ಅಲ್ಲೇ ನಿಂತಿತು. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಮತ್ತದೇ 12.4. ಉಳುಮೆಯ ದಿನ ಸರಿಯಿದ್ದು ಟ್ರೇಲರಿನ ದಿನ ಕೈಕೊಡುತ್ತಿದ್ದದ್ದರ ಅರ್ಥ ಆಗ ಹೊಳೆಯಿತು. ಉಳುವಾಗ ಎಂಜಿನ್ ಶುರುವಿನಿಂದಲೇ ಜೋರಾಗಿ ಓಡುತ್ತದೆ. ಸುಗ್ಗಿಯಲ್ಲಿ ಚೀಲ ತುಂಬುವವರೆಗೆ ನಿಲ್ಲಿಸು, ಹತ್ತು ಮಾರು ಮುಂದೆ ಹೋಗು, ಮತ್ತೆ ನಿಲ್ಲಿಸು. ಆಲ್ಟರ್ನೇಟರ್ ಏಳುವುದೇ ಇಲ್ಲ. ದೀಪವೆಲ್ಲ ಬ್ಯಾಟರಿಯನ್ನೇ ಹೀರುತ್ತಿರುತ್ತದೆ.

ಆಲ್ಟರ್ನೇಟರಿನ ಸಣ್ಣ ತಂತಿ ಒಂದು ಸ್ವಿಚ್ಚು ಮತ್ತು ಸೂಚಕ ದೀಪದ ಮೂಲಕ ಬ್ಯಾಟರಿಗೆ ಹೋಗಬೇಕು. ನಮ್ಮ ಟ್ರ್ಯಾಕ್ಟರಿನಲ್ಲಿ ಮೊದಲು ಅಂಥ ದೀಪ ಇರಲಿಲ್ಲವಾದ್ದರಿಂದ ಹುಡುಗ ಚಂದ ಕಾಣುವ ಕೆಂಪು ಎಲ್‌ಇಡಿ ಹಾಕಿದ್ದ. ಸ್ವಿಚ್ ಹಾಕಿದರೆ ಅದು ಹೊತ್ತುತ್ತಿತ್ತು, ಚಾರ್ಜ್ ಶುರುವಾದಾಗ ಆರುತ್ತಿತ್ತು. ಅದರಲ್ಲಿ ದೋಷ ಕಾಣಲಿಲ್ಲ. ಹಗಲ ಬಿಸಿಲಲ್ಲಿ ಅದು ಹೊತ್ತಿದ್ದೂ ಕಾಣುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಪರೀಕ್ಷೆಗೆಂದು ಎಲ್‌ಇಡಿ ತೆಗೆದು ತಂತಿಯನ್ನು ಸ್ವಿಚ್ಚಿಗೆ ನೇರವಾಗಿ ಕೊಟ್ಟೆ. ಸ್ಟಾರ್ಟ್ ಮಾಡುತ್ತಲೇ 14! ಆಲ್ಟರ್ನೇಟರಿಗೆ ರೋಗವಿಲ್ಲ ಎಂದಾಯಿತು. ಆ ಖುಷಿಯಲ್ಲಿ ಹಾಗೇ ಬಿಟ್ಟೆ. ಡೀಸೆಲ್ ಟ್ರ್ಯಾಕ್ಟರನ್ನು ನಿಲ್ಲಿಸುವುದು ಸ್ಟಾಪ್ ಎಳೆದು, ಸ್ವಿಚ್ಚಿನಿಂದಲ್ಲ. ಅಪ್ಪ ಸಂಜೆ ಸ್ಟಾಪ್ ಎಳೆದು ಮನೆಗೆ ಬಂದರು. ಸ್ವಿಚ್ ನೆನಪಿಸಲು ದೀಪವೂ ಇರಲಿಲ್ಲ. ರಾತ್ರಿಯಿಡೀ ಮೂರು ಆಂಪಿಯರ್ ರೋಟರಿಗೆ ಹರಿದು, ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಚಿಕ್ಕಪ್ಪ ಏನೂ ಹೇಳದೆ ನಕ್ಕು ಹೋದರು. ಹದಿನೈದು ದಿನದಲ್ಲಿ ಹನ್ನೊಂದು ಕಳೆದಿತ್ತು.

ಆಲ್ಟರ್ನೇಟರ್ ಬಿಚ್ಚಿಕೊಂಡು ಹಳೆಯ ಮೇಸ್ತ್ರಿಯ ಮನೆಗೇ ಹೋದೆ. ಅಂಗಡಿ ಮುಚ್ಚಿದ್ದರು. ಕಟ್ಟೆಯ ಮೇಲೆ ಕೂತು, ಕಣ್ಣು ಸರಿಯಾಗಿ ಕಾಣದೆ ಬೆರಳಲ್ಲೇ ಅದನ್ನು ತಡವಿದರು. ಮೊದಲು ಪುಲ್ಲಿ ಹಿಡಿದರು. "ಇದು ಡೈನಮೊ ಪುಲ್ಲಿ ಅಲ್ವೇನ್ರಿ ಮೇಷ್ಟ್ರ? ದೊಡ್ಡದಾತು. ಇದು ಡೈನಮೊ ಥರ ನಿಧಾನಕ್ಕ ತಿರುಗೋ ಪೈಕಿ ಅಲ್ಲ. ಅದರದೇ ಸಣ್ಣ ಪುಲ್ಲಿ ಹಾಕಿಸ್ರಿ, ಅದಕ್ಕ ಹೊಂದೋ ಬೆಲ್ಟ್ ತರ್ರಿ." ಬೆಲ್ಟು ಹಳೆಯದೇ ಆಗಲೆಂದು ಹುಡುಗ ಹಳೆಯ ಪುಲ್ಲಿಯನ್ನೇ ಕೂಡಿಸಿದ್ದ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ದೀಪದ ಬಗ್ಗೆ ಕೇಳಿದರು. ಎಲ್‌ಇಡಿ ಎಂದೆ.

"ಅದೇ ಮತ್ತ. ಬಲ್ಬ್ ಹಾಕ್ರಿ. ಹಳೇ ಕಾಲದ ತಂತಿ ಬಲ್ಬು, ಎರಡು ವ್ಯಾಟಿಂದು. ಅದು ಬೆಳಕಿಗಲ್ಲ ಇರೋದು."

"ಮತ್ತ್ಯಾಕ?"

"ಡೈನಮೊಕ್ಕ ನೆನಪಿರ್ತತಿ ಮೇಷ್ಟ್ರ. ಇದಕ್ಕ ಮರೆವು. ದಿನಾ ಬೆಳಗ್ಗೆ ನೀನು ಯಾರು ಅಂತ ಹೇಳ್ಬೇಕು."

ಮನೆಗೆ ಬಂದು ಲೆಕ್ಕ ಹಾಕಿದೆ. ಆಲ್ಟರ್ನೇಟರಿನ ಕಬ್ಬಿಣದಲ್ಲೂ ಒಂದಿಷ್ಟು ಕಾಂತತ್ವ ಉಳಿದಿರುತ್ತದೆ. ಆದರೆ ಡೈನಮೊದಲ್ಲಿ ಅದರಿಂದ ಹುಟ್ಟಿದ ಚೂರು ವೋಲ್ಟು ನೇರವಾಗಿ ಸುರುಳಿಗೆ ಹೋಗುತ್ತಿತ್ತು, ಇಲ್ಲಿ ನಡುವೆ ಡಯೋಡುಗಳಿವೆ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟಿನ ಸುಂಕ ಕೊಡದೆ ಬಾಗಿಲು ತೆರೆಯದು. ದಾರಿಯಲ್ಲಿ ಇಂಥ ಎರಡು ಬಾಗಿಲು. ನಿಧಾನಗತಿಯಲ್ಲಿ ಹುಟ್ಟುವ ವೋಲ್ಟು ಆ ಸುಂಕಕ್ಕೇ ಸಾಲದು. ಎಂಜಿನ್ನನ್ನು ಪೂರ್ತಿ ಎಳೆದಾಗ ಮಾತ್ರ ದಾಟುತ್ತದೆ. ಹೀಗೆ ಸೀಮೆನ್ಸ್ ಬಿಡಿಸಿದ್ದ ಪೇಚನ್ನು ಸಿಲಿಕಾನ್ ಮತ್ತೆ ತಂದಿಟ್ಟಿತು. ಅದಕ್ಕೇ ತಯಾರಕರು ಸೂಚಕ ದೀಪದ ಮೂಲಕ ಬ್ಯಾಟರಿಯಿಂದ ಒಂದಿಷ್ಟು ಕರೆಂಟನ್ನು ರೋಟರಿಗೆ ಕಡ ಕೊಡುವ ಏರ್ಪಾಡು ಮಾಡಿದರು. ಎರಡು ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.17 ಆಂಪಿಯರ್ ಬಿಡುತ್ತದೆ. ಎಲ್‌ಇಡಿ ಬಿಡುವುದು ಅದರ ಹತ್ತನೇ ಒಂದು ಭಾಗ. ಕಣ್ಣಿಗೆ ಎರಡೂ ಒಂದೇ ಕೆಂಪು, ರೋಟರಿಗೆ ಒಂದು ಹೆಪ್ಪು, ಇನ್ನೊಂದು ಬರೀ ಹಾಲು. ಚಾರ್ಜ್ ಶುರುವಾದ ಮೇಲೆ ಬಲ್ಬಿನ ಎರಡೂ ಕಡೆ ಒಂದೇ ವೋಲ್ಟು ಬರುತ್ತದೆ, ಆದ್ದರಿಂದ ಅದು ತಾನಾಗಿ ಆರುತ್ತದೆ. ಎಲ್‌ಇಡಿಯೇ ಬೇಕೆನ್ನುವವರು ಅದಕ್ಕೆ ಸಮಾನಾಂತರವಾಗಿ 68 ಓಮಿನ, 5 ವ್ಯಾಟ್ ತಾಳುವ ರೆಸಿಸ್ಟರ್ ಒಂದನ್ನು ಕೊಟ್ಟರೂ ಅದೇ ಕೆಲಸ ಆಗುತ್ತದೆ. ನಾನು ಮಾತ್ರ ಬಲ್ಬನ್ನೇ ಹಾಕಿದೆ.

ಹದಿಮೂರನೆಯ ದಿನ ಸಣ್ಣ ಪುಲ್ಲಿ, ಹೊಸ ಬೆಲ್ಟು, ಇಪ್ಪತ್ತು ರೂಪಾಯಿಯ ಬಲ್ಬು. ಸ್ವಿಚ್ ಹಾಕಿದೆವು, ಬಲ್ಬು ಹೊತ್ತಿತು. ಅಪ್ಪ ಸ್ಟಾರ್ಟ್ ಮಾಡಿದರು. ಎಂಜಿನ್ ಗುರುಗುಟ್ಟುವಷ್ಟರಲ್ಲೇ ಬಲ್ಬು ಆರಿತು, ಮೀಟರಿನಲ್ಲಿ 14.1. ನಿಲ್ಲಿಸಿ ಮತ್ತೆ ಮಾಡಿದೆವು. ಹತ್ತು ಸಲ ಮಾಡಿದೆವು. ಹತ್ತೂ ಸಲ ಬಲ್ಬು ಆರಿತು. ಸ್ಟಾಪ್ ಎಳೆದಾಗ ಮತ್ತೆ ಹೊತ್ತಿ, ಸ್ವಿಚ್ ಆರಿಸು ಎಂದು ಅಪ್ಪನಿಗೆ ನೆನಪಿಸಿತು. ಆ ರಾತ್ರಿ ಖಾಲಿ ಟ್ರೇಲರ್ ಕಟ್ಟಿಕೊಂಡು ಅದೇ ನಾಲೆ ಏರಿಯ ಮೇಲೆ ಹೋಗಿ ಬಂದೆವು. ನಾನು ಹಿಂದೆ ಬೈಕಿನಲ್ಲಿ ಬರುತ್ತ ಟ್ರೇಲರಿನ ಕೆಂಪು ದೀಪವನ್ನೇ ನೋಡುತ್ತಿದ್ದೆ. ಅದು ಉದ್ದಕ್ಕೂ ಉರಿಯಿತು.

ಮೇಸ್ತ್ರಿಗೆ ಹೇಳಲು ಹೋದಾಗ ಸೀಮೆನ್ಸನ ಕತೆಯನ್ನೂ ಹೇಳಿದೆ. ಅವರು ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಕಬ್ಬಿಣಕ್ಕೆ ನೆನಪಿರುತ್ತದೆ ಎಂಬ ಮಾತು ಅವರಿಗೆ ಅವರ ಗುರುವಿನಿಂದ ಬಂದದ್ದು. ಆ ಗುರು ಮದ್ರಾಸಿನಲ್ಲಿ ಕೆಲಸ ಕಲಿತವರಂತೆ. ಅದರಾಚೆ ಯಾರಿಂದ ಯಾರಿಗೆ ಬಂತೋ ಅವರಿಗೂ ಗೊತ್ತಿಲ್ಲ. ಇತಿಹಾಸದ ಮೇಷ್ಟ್ರಾದ ನಾನು ಬರ್ಲಿನ್, ಲಂಡನ್ನುಗಳ ತಾರೀಖು ಹೇಳಬಲ್ಲೆ. ಅಲ್ಲಿಂದ ದಾವಣಗೆರೆಯ ಒಂದು ಕಟ್ಟೆಯವರೆಗೆ ಆ ಮಾತು ಕೈಯಿಂದ ಕೈಗೆ ಬಂದ ದಾರಿಯನ್ನು ಯಾರೂ ಬರೆದಿಟ್ಟಿಲ್ಲ. ಅಂಗಡಿಯ ಹುಡುಗನದೂ ತಪ್ಪೆನ್ನಲಾರೆ. ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಬಾರದೆಂದು ಹೇಳಬೇಕಾದವರು ಹೇಳುವ ಮೊದಲೇ ಅಂಗಡಿ ಮುಚ್ಚಿದ್ದರು. ಈಗ ಅವನನ್ನೂ ಕರೆದುಕೊಂಡು ಮೇಸ್ತ್ರಿಯ ಹತ್ತಿರ ಎರಡು ಸಲ ಹೋಗಿದ್ದೇನೆ. ನಮ್ಮ ಹಳೆಯ ಡೈನಮೊವನ್ನು ಅವನ ಮುಂದೆ ಬಿಚ್ಚಿಟ್ಟು, ಆರ್ಮೇಚರಿಗೆ ಎಷ್ಟು ಸುತ್ತು, ಯಾವ ಗಾಳಿಗೆ ಯಾವ ತಂತಿ ಎಂದು ಮೇಸ್ತ್ರಿ ಬಾಯಲ್ಲಿ ಹೇಳುತ್ತಾರೆ, ಅವನು ಸುತ್ತುತ್ತಾನೆ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ಚಿಕ್ಕಪ್ಪ ಗುಜರಿಯ ಮಾತೆತ್ತಿಲ್ಲ. ಈ ಸಲದ ಸುಗ್ಗಿಗೆ ಅವರ ಭತ್ತವನ್ನೂ ನಮ್ಮ ಟ್ರೇಲರಿನಲ್ಲೇ ತರಬೇಕೆಂದು ಅಪ್ಪನಿಗೆ ಈಗಲೇ ಹೇಳಿಟ್ಟಿದ್ದಾರೆ.